ಚಳಿಯ ಸುಖ

ನಮ್ಮ ಕವಿಸಮಯವು ವಸಂತನಿಗೆ ಋತುರಾಜನೆಂಬ ಬಿರುದನ್ನಿತ್ತು ಪಟ್ಟಗಟ್ಟಿರುವುದು ಲೋಕವಿದಿತವಾದ ಸಂಗತಿಯೇ ಆದರೂ, ಘಟಪ್ರಭೆ ಮಲಪ್ರಭೆಗಳು ಕೃಷ್ಣೆಯನ್ನು ಕೂಡುವ ಈ ಬಾಗಲಕೋಟೆಯ ಸೀಮೆಯಲ್ಲಿ ಹುಟ್ಟಿ, ಇಲ್ಲಿಯ ಚೈತ್ರ ವೈಶಾಖಗಳ ಉರಿಯನ್ನು ಉಂಡು ಬೆಳೆದವನು ಆ ಪಟ್ಟವನ್ನು ಹೇಮಂತನಿಗಲ್ಲದೆ ಮತ್ತಾರಿಗೂ ಸಲ್ಲಿಸಲಾರನು. ಮಾರ್ಗಶಿರ ಪುಷ್ಯಗಳೇ ನಮಗೆ ವರ್ಷದ ಸೌಖ್ಯಕಾಲ. ಬಾದಾಮಿಯ ಮೂರನೆಯ ಗುಹೆಯನ್ನು ಕಡೆಯಿಸಿದ ಚಾಲುಕ್ಯ ಮಂಗಲೇಶನು ಕ್ರಿ.ಶ. 578ರಲ್ಲಿ ಅದನ್ನು ವಿಷ್ಣುವಿಗೆ ಸಮರ್ಪಿಸಿದುದು ಕಾರ್ತಿಕದ ಹುಣ್ಣಿಮೆಯಂದು ಎಂಬುದಾಗಿ ಅಲ್ಲಿಯ ಶಾಸನವು ಹೇಳುತ್ತದೆ. ಮಳೆ ಹಿಂದೆಗೆದು, ಬಾನು ತಿಳಿಯಾಗಿ, ಇರುಳ ಗಾಳಿಯಲ್ಲಿ ಮೊದಲ ಕುಳಿರು ಸುಳಿಯುವ ಆ ಹೊತ್ತನ್ನೇ, ಎಂದರೆ ಈ ನಾಡಿನ ಉತ್ಸವಕಾಲದ ಹೊಸ್ತಿಲನ್ನೇ, ಆ ಚಾಲುಕ್ಯನು ಆರಿಸಿಕೊಂಡನಲ್ಲಾ ಎಂದು ಅದನ್ನೋದಿದಾಗಲೆಲ್ಲ ನನಗೆ ಹರ್ಷವಾಗುವುದು.

ಹುನಗುಂದದ ಎರೆಯ ಹೊಲಗಳಲ್ಲಿ ಚಳಿಯೆಂದರೆ ಬರಿಯ ಹವೆಯಲ್ಲ, ಬೆಳೆಯ ಆಹಾರವೇ ಅದು. ಹಿಂಗಾರಿಯ ಬಿಳಿಜೋಳವು ಒಮ್ಮೆ ಬೇರೂರಿತೆಂದರೆ ಮುಗಿಲಿನತ್ತ ಹೆಚ್ಚಾಗಿ ಕೈಯೊಡ್ಡುವುದಿಲ್ಲ. ಕರಿಯ ಮಣ್ಣು ತನ್ನ ಒಡಲಿನಲ್ಲಿ ಹಿಡಿದಿಟ್ಟುಕೊಂಡ ತೇವವನ್ನೂ ಇರುಳಿನ ತಂಪನ್ನೂ ನೆಚ್ಚಿಕೊಂಡು ಅದು ತೆನೆಗಟ್ಟುವುದು. ಕಡಲೆಯ ಎಲೆಗಳ ಮೇಲೆ ಬಿದ್ದ ಇಬ್ಬನಿ ಬೆಳಗಾಗುವಷ್ಟರಲ್ಲಿ ಹುಳಿಗೂಡಿರುವುದು. ಕಾಳಿನಲ್ಲಿ ಹಾಲು ತುಂಬಿ ಇನ್ನೂ ಗಟ್ಟಿಯಾಗದ ಆ ಕೆಲವೇ ದಿನಗಳಲ್ಲಿ ಹೊಲದ ಬದುವಿನ ಮೇಲೆ ಕುಳ್ಳು ಉರಿಸಿ, ಕೆಂಡದಲ್ಲಿ ತೆನೆಯನ್ನು ಸುಟ್ಟು, ಬಡಿದು, ಕಾಳನ್ನು ಕೇರಿ, ಬಿಸಿಯಾರುವ ಮುನ್ನವೇ ಬೆಲ್ಲದೊಡನೆಯೋ ಶೇಂಗಾ ಹಿಂಡಿಯೊಡನೆಯೋ ಮುಕ್ಕುವ ಸೀತನಿಯ ಸವಿಯನ್ನು ಅರಿಯದವರಿಗೆ ಮಾತಿನಿಂದ ತಿಳಿಸುವುದು ದುಸ್ಸಾಧ್ಯ. ಎಳ್ಳಮಾವಾಸ್ಯೆಯಂದಂತೂ ಊರಿಗೆ ಊರೇ ಹೊಲಕ್ಕೆ ಹೊರಡುವುದು. ಸಜ್ಜಿಯ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬುಗಳ ಬುತ್ತಿಯನ್ನು ಬಂಡಿಯಲ್ಲಿಟ್ಟುಕೊಂಡು ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಂದವರೆಲ್ಲರಿಗೂ ಬಡಿಸಿ, ಬಳಿಕ ತಾವು ಉಣ್ಣುವ ಒಕ್ಕಲು ಮಕ್ಕಳ ಆ ಪಂಕ್ತಿಯಲ್ಲಿ ಕುಳಿತವನಿಗೆ, ಮೈಮೇಲೆ ಬೀಳುವ ಎಳೆಬಿಸಿಲೂ ಒಂದು ವ್ಯಂಜನವೆಂದೇ ತೋರುವುದು.

ಹೀಗಿದ್ದರೂ ಚಳಿಗಾಲವನ್ನು ಅನುಭವಿಸುವ ಕಲೆಯು ಯುರೋಪಿನ ನಗರಗಳವರಿಗೇ ಮೀಸಲಾದುದೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ಹಿಮ, ದೀಪಾಲಂಕೃತವಾದ ಬೀದಿ, ಕ್ರಿಸ್‌ಮಸ್ ಮರ ಇವುಗಳ ಚಿತ್ರಗಳನ್ನು ಕಂಡು, ಅಂಥ ಋತುವೈಭವ ನಮಗೆಲ್ಲಿಯದು ಎಂದು ನಿಟ್ಟುಸಿರಿಡುವವರನ್ನು ನಾನು ಬಲ್ಲೆನು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಂದು ಹೇಮಂತವನ್ನು ಕಳೆಯುವ ಸುಯೋಗ ನನಗೆ ಒದಗಿದ್ದುದರಿಂದ ಆ ವೈಭವವನ್ನು ನಾನು ಅಲ್ಲಗಳೆಯಲಾರೆ. ರೈನ್ ನದಿಯ ತಿರುವಿನಲ್ಲಿ, ದಿಬ್ಬದ ಮೇಲೆ, ಕೆಂಪು ಮರಳುಗಲ್ಲಿನಿಂದಲೇ ಎದ್ದುನಿಂತಿರುವ ಅಲ್ಲಿಯ ಮಹಾದೇವಾಲಯವನ್ನು ಮೊದಲ ಬಾರಿ ನೋಡಿದಾಗ ಬಾದಾಮಿಯ ಬಂಡೆಗಳ ಬಣ್ಣವೇ ಕಣ್ಣಿಗೆ ಕಟ್ಟಿ, ದೂರದೇಶದಲ್ಲಿ ಇದ್ದೇನೆಂಬುದು ಒಂದು ಗಳಿಗೆ ಮರೆತುಹೋಯಿತು. ಚಕ್ರವರ್ತಿಯಿಂದ 1471ರಲ್ಲಿ ಅಪ್ಪಣೆ ಪಡೆದ ಶರತ್ಕಾಲದ ಜಾತ್ರೆಯೊಂದು ಆ ಊರಿನಲ್ಲಿ ಇಂದಿಗೂ ಅಕ್ಟೋಬರಿನ ಕೊನೆಗೆ ನೆರೆಯುವುದು. ಅದು ಮುಗಿದ ಕೆಲವು ದಿನಗಳಲ್ಲೇ ಕ್ರಿಸ್‌ಮಸ್ಸಿನ ಸಂತೆ ಮೊದಲಾಗುವುದು.

ಡಿಸೆಂಬರಿನಲ್ಲಿ ಅಲ್ಲಿ ಹಗಲಿಗೆ ಎಂಟೂವರೆ ಗಂಟೆಯಷ್ಟೇ ಆಯುಷ್ಯ. ಸಂಜೆ ಐದು ಹೊಡೆಯುವಷ್ಟರಲ್ಲಿ ಕತ್ತಲು ಕವಿದುಬಿಡುವುದು. ಎಷ್ಟೋ ದಿನಗಳು ಸೂರ್ಯದರ್ಶನವೇ ಇಲ್ಲದೆ, ನದಿಯ ಮೇಲಿನ ಮಂಜು ನಗರವನ್ನೆಲ್ಲ ಆವರಿಸಿಕೊಂಡಿರುವುದುಂಟು. ಇಂಥ ಕತ್ತಲೆಯೊಳಗೆ ವಾಸಿಸುವ ಜನ ದೀಪವನ್ನು ಪ್ರೀತಿಸುವುದು ಸ್ವಾಭಾವಿಕ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ವಾರಕ್ಕೊಂದರಂತೆ ಮನೆಮನೆಯಲ್ಲಿ ಮೇಣದ ಬತ್ತಿಗಳನ್ನು ಹಚ್ಚುತ್ತ ಬಂದು, ನಾಲ್ಕನೆಯದು ಬೆಳಗಿದಾಗ ಹಬ್ಬ ಬಾಗಿಲಿಗೆ ಬಂದಿತೆಂದು ಮಕ್ಕಳು ಹಿಗ್ಗುವ ಪದ್ಧತಿಯನ್ನು ಕಂಡು ನನ್ನ ಮನಸ್ಸು ತುಂಬಿಬಂದಿತು. ಸಂತೆಯಲ್ಲಿ ಜೇನು, ಬಾದಾಮಿ, ಸಕ್ಕರೆಯಲ್ಲಿ ಪಾಕಗೊಂಡ ಹಣ್ಣಿನ ಸಿಪ್ಪೆ, ಸಾಂಬಾರ ಪದಾರ್ಥಗಳನ್ನು ಕೂಡಿಸಿ ಬೇಯಿಸಿದ ಲೆಕ್ಕರ್ಲಿ ಎಂಬ ಗಡುಸಾದ ಬಿಸ್ಕತ್ತನ್ನು ಕೊಂಡು ಕಚ್ಚಿದೆನು. ಹುನಗುಂದದ ಹಾದಿಯ ಅಮೀನಗಡದಲ್ಲಿ ಬೆಲ್ಲದ ಪಾಕಕ್ಕೆ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿಗಳನ್ನು ಬೆರೆಸಿ ಮಾಡುವ ಕರದಂಟಿನ ಬಂಧು ಅದು ಎನ್ನಲು ನನಗೆ ಸಂಕೋಚವಿಲ್ಲ. ಚಳಿಗೆ ಮೈಯಲ್ಲಿ ಕಾವು ಹುಟ್ಟಿಸುವ ಸಿಹಿಯನ್ನು ಕಂಡುಕೊಳ್ಳುವ ಜಾಣ್ಮೆ ಎರಡು ನಾಡುಗಳಲ್ಲಿಯೂ ಒಂದೇ.

ಒಂದು ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು. ಆ ಸಂತೆ, ಆ ಬೀದಿಯ ಬೆಳಕು, ಆ ಜನಸಂದಣಿ ಎಲ್ಲವೂ ಹಬ್ಬದ ಮುನ್ನಾದಿನಗಳವರೆಗೆ ಮಾತ್ರ. ಹಬ್ಬದ ದಿನ ಅಂಗಡಿಗಳು ಮುಚ್ಚಿ, ಬೀದಿಗಳು ಬರಿದಾಗಿ, ಪ್ರತಿಯೊಂದು ಕುಟುಂಬವೂ ತನ್ನ ಬಾಗಿಲನ್ನಿಕ್ಕಿಕೊಂಡು ತನ್ನ ಮರದ ಸುತ್ತ ಕೂಡುವುದು. ಅದು ಅವರಿಗೆ ಪವಿತ್ರವಾದ ಏಕಾಂತ. ಹೊರಗೆ ಹಿಮ ಸುರಿಯುವ ನಾಡಿನಲ್ಲಿ ಒಳಗಿನ ಅಗ್ಗಿಷ್ಟಿಕೆಗಿಂತ ಪ್ರಿಯವಾದುದು ಯಾವುದಿದ್ದೀತು? ನಮ್ಮ ಚಳಿಯಾದರೋ ಕರುಣಾಳು. ಅದು ನಮ್ಮನ್ನು ಮನೆಯಿಂದ ಹೊಲಕ್ಕೆ, ಹೊಲದಿಂದ ಜಾತ್ರೆಗೆ ಕರೆಯುವುದೇ ಹೊರತು ಒಳಗೆ ದೂಡುವುದಿಲ್ಲ.

ಬಾಸೆಲ್ಲಿನ ಕ್ರಿಸ್‌ಮಸ್ಸು ಬಾದಾಮಿಯ ನೆರೆಗೇ ಬಂದು ನೆಲೆಸಿ ಬಹುಕಾಲವಾಯಿತೆಂಬುದನ್ನು ನಮ್ಮಲ್ಲೇ ಅನೇಕರು ಅರಿಯರು. ಆ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ, ಬಳಿಕ ಗದಗಿನ ಬೆಟಗೇರಿಗೂ ಹಬ್ಬಿ, 1851ರಲ್ಲಿ ನೇಕಾರರ ಊರಾದ ನಮ್ಮ ಗುಳೇದಗುಡ್ಡದಲ್ಲಿ ತಮ್ಮ ಠಾಣ್ಯವನ್ನು ಹೂಡಿದರು. ಕನ್ನಡಕ್ಕೆ ಮಹಾಕೋಶವನ್ನು 1894ರಲ್ಲಿ ಕೊಟ್ಟ ಫರ್ಡಿನಂಡ್ ಕಿಟೆಲ್ಲರು ಓದಿದುದು ಬಾಸೆಲ್ಲಿನ ಆ ಮಿಷನ್ನಿನ ಶಾಲೆಯಲ್ಲಿಯೇ. ಅವರೇ 1862ರಲ್ಲಿ ‘ಕಥಾಮಾಲೆ’ಯೆಂಬ ಗ್ರಂಥದಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿದರು. ಹೊರಗಿನಿಂದ ಬಂದ ಮತದ ವಿಷಯದಲ್ಲಿ ಯಾರ ಅಭಿಪ್ರಾಯ ಏನೇ ಇರಲಿ, ಈ ನುಡಿಯನ್ನು ಕಲಿತು, ಈ ನುಡಿಯಲ್ಲೇ ತಮ್ಮ ದೇವರನ್ನು ಹಾಡಿದ ಆ ಶ್ರದ್ಧೆಗೆ ನಾನು ತಲೆಬಾಗುತ್ತೇನೆ.

ಗುಳೇದಗುಡ್ಡದ ಕ್ರಿಸ್‌ಮಸ್ಸಿನಲ್ಲಿ ಹಿಮವಿಲ್ಲ, ಸೂಚಿಪರ್ಣದ ಮರವಿಲ್ಲ. ಮನೆಯ ಮುಂದೆ ನಕ್ಷತ್ರದ ಆಕಾರದ ಕಾಗದದ ದೀಪ ತೂಗುವುದು. ಇಳಕಲ್ಲಿನ ಸೀರೆಯನ್ನುಟ್ಟು, ಊರಿನ ಮಗ್ಗದಲ್ಲೇ ನೆಯ್ದ ಖಣದ ಕುಪ್ಪಸವನ್ನು ತೊಟ್ಟ ಹೆಂಗಳೆಯರು ಸೆರಗನ್ನು ತಲೆಯ ಮೇಲೆ ಹೊದ್ದು ದೇವಾಲಯದೊಳಗೆ ಕುಳಿತಿರುವರು. ಜರ್ಮನ್ ನಾಡಿನ ರಾಗಕ್ಕೆ ಕನ್ನಡದ ಮಾತು ಕೂಡಿದ ಕೀರ್ತನೆ ಏಳುವುದು; ಸಭಾಪಾಲಕರ ಬೋಧನೆ ಮುಗಿದ ಮೇಲೆ ಜನ ಹೊರಬಂದು ಪರಸ್ಪರ ಕೈಹಿಡಿದು ಕ್ಷೇಮ ಕೇಳುವರು. ಬಳಿಕ ಕರ್ಚಿಕಾಯಿ ಚಕ್ಕುಲಿಗಳ ತಟ್ಟೆ ನೆರೆಮನೆಗಳಿಗೆ ಹೋಗುವುದು. ಬಾಸೆಲ್ಲಿನಲ್ಲಿ ಮುಚ್ಚಿದ್ದ ಬಾಗಿಲು ಇಲ್ಲಿ ತೆರೆದಿರುವುದು. ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುವಂತೆ, ಎಲ್ಲಿಯದೋ ಹಬ್ಬವು ಇಲ್ಲಿಯ ಬದುಕಿಗೆ ಕೊಂಡಿಗೂಡಿದೆ. ಒಡಲು ಯಾವುದು, ಸೆರಗು ಯಾವುದು ಎಂಬುದು ಬಣ್ಣದಿಂದ ತಿಳಿದರೂ ಸೀರೆ ಒಂದೇ.

ಇದರ ಬೆನ್ನಿಗೇ ಬಾದಾಮಿಯ ಬಳಿಯ ಬನಶಂಕರಿಯ ಜಾತ್ರೆ. ಪುಷ್ಯ ಶುದ್ಧದಲ್ಲಿ ಮೊದಲಾಗುವ ಉತ್ಸವವು ಚತುರ್ದಶಿಯ ಪಲ್ಯದ ಹಬ್ಬದಲ್ಲಿ ತನ್ನ ಅರ್ಥವನ್ನು ತೆರೆದು ತೋರುವುದು. ಶಾಕಂಭರಿಯಾದ ಆ ತಾಯಿಗೆ ಅಂದು 108 ಬಗೆಯ ಪಲ್ಯಗಳ ನೈವೇದ್ಯ. ಬರಗಾಲದ ಬವಣೆಯನ್ನು ತಲೆಮಾರುಗಳಿಂದ ಬಲ್ಲ ಜನ, ಚಳಿಗಾಲವು ತಂದ ಹಸುರನ್ನೆಲ್ಲ ದೇವಿಯ ಮುಂದೆ ಹರಡುವುದಕ್ಕಿಂತ ಉಚಿತವಾದ ಪೂಜೆ ಯಾವುದು? ಮರುದಿನ ಬನದ ಹುಣ್ಣಿಮೆಗೆ ತೇರು ಎಳೆಯುವರು. ಆಮೇಲೆ ತಿಂಗಳಿಡೀ ಚೊಳಚಗುಡ್ಡದ ಆ ಬಯಲು ಪಟ್ಟಣವೇ ಆಗಿಬಿಡುವುದು. ಬಾಗಿಲು ಚೌಕಟ್ಟುಗಳ ಸಾಲು, ಬಳೆಯ ಸಾಲು, ಮಿಠಾಯಿಯ ಸಾಲು. ಹರಿದ್ರಾತೀರ್ಥದ ಹತ್ತಿರ ಬುಟ್ಟಿಗಳನ್ನಿಟ್ಟುಕೊಂಡು ಕುಳಿತ ತಾಯಂದಿರು “ಬರ್ರಿ ಯಪ್ಪಾ, ರೊಟ್ಟಿ ಉಣ್ಣಾಕ ಬರ್ರಿ, ಮೊಸರ ಗಟ್ಟಿ ಐತಿ” ಎಂದು ಕರೆಯುವ ಕರೆಯಲ್ಲಿ ವ್ಯಾಪಾರಕ್ಕಿಂತ ಅಂತಃಕರಣವೇ ಹೆಚ್ಚು. ಇರುಳಾಯಿತೆಂದರೆ ಕಂಪನಿ ನಾಟಕಗಳ ಡೇರೆಗಳಲ್ಲಿ ದೀಪ ಹೊತ್ತುವುದು. ಹಳ್ಳಿಹಳ್ಳಿಗಳಿಂದ ಬಂದವರು ಕಂಬಳಿ ಹೊದ್ದು ಬೆಳಗಿನ ಜಾವದವರೆಗೂ ನಾಟಕ ನೋಡುವರು. ಎಷ್ಟೋ ನಟನಟಿಯರ ವರ್ಷದ ಅನ್ನವು ಈ ಒಂದು ತಿಂಗಳ ಚಳಿಯನ್ನೇ ನೆಚ್ಚಿಕೊಂಡಿದೆ. ಸಿನಿಮಾ ಮತ್ತು ಮೊಬೈಲುಗಳ ಈ ಯುಗದಲ್ಲಿ ಆ ಡೇರೆಗಳು ಇನ್ನೂ ನಿಂತಿರುವುದು ನಮ್ಮ ಜನರ ರಸಿಕತೆಗೆ ಸಾಕ್ಷಿ.

ಯುರೋಪಿನ ಚಳಿಗಾಲವನ್ನು ಹಣವಿದ್ದವರು ಅವಶ್ಯ ನೋಡಿಬರಲಿ. ಅದರಲ್ಲಿ ಕಲಿಯತಕ್ಕದ್ದು ಬಹಳವಿದೆ. ಆದರೆ ಕನ್ನಡಿಗರು ಡಿಸೆಂಬರಿನ ರಜೆಯನ್ನು ಗೊತ್ತುಪಡಿಸಿಕೊಳ್ಳುವಾಗ ಒಮ್ಮೆ ಈ ಸೀಮೆಯನ್ನೂ ನೆನೆಯಬೇಕೆಂದು ನಾನು ಬೇಡುತ್ತೇನೆ. ಬಾದಾಮಿಯ ಗುಹೆಗಳನ್ನು ಒಂದು ಮಧ್ಯಾಹ್ನದಲ್ಲಿ ನೋಡಿ ಬಸ್ಸು ಹತ್ತಿಬಿಡಬೇಡಿರಿ. ಇಪ್ಪತ್ತೈದನೆಯ ತಾರೀಖಿಗೆ ಗುಳೇದಗುಡ್ಡದ ದೇವಾಲಯಕ್ಕೆ ಹೋಗಿರಿ. ಬಾದಾಮಿಯಿಂದ ಅದು ಸುಮಾರು 20 ಕಿಲೋಮೀಟರುಗಳ ಹಾದಿ. ಪಂಚಾಂಗ ನೋಡಿ ಎಳ್ಳಮಾವಾಸ್ಯೆಗೋ ಬನದ ಹುಣ್ಣಿಮೆಗೋ ಉಳಿದುಕೊಳ್ಳಿರಿ, ಯಾರಾದರೂ ಒಕ್ಕಲಿಗರು ಹೊಲಕ್ಕೆ ಕರೆದರೆ ಇಲ್ಲವೆನ್ನಬೇಡಿರಿ, ಮತ್ತು ಬರುವಾಗ ಒಂದು ಕಂಬಳಿಯನ್ನು ತಪ್ಪದೆ ತನ್ನಿರಿ.