ಗಾಡಿ ನಮ್ಮದು, ಬೀಗದ ಕೈ ಯಾರದು?

ಮನೆಯಲ್ಲಿ ಒಬ್ಬ ಬಿ.ಎ. ಮಾಡಿದರೆ ಸಾಕು, ಕೇರಿಯ ಇಂಗ್ಲಿಷ್ ಕಾಗದವೆಲ್ಲ ಆ ಮನೆಗೆ ಬರುತ್ತದೆ. ಬ್ಯಾಂಕಿನ ನೋಟೀಸು, ಆಸ್ಪತ್ರೆ ಚೀಟಿ, ಪಂಪ್‌ಸೆಟ್ಟಿನ ವಾರಂಟಿ ಕಾರ್ಡು. "ಓದಪ್ಪಾ, ಏನ್ ಬರ್ದವ್ರೆ ನೋಡು" ಅಂತ ಮುಂದೆ ಹಿಡಿಯುತ್ತಾರೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲು. ನಾವು ಪದ್ಯ ಬರೆಯುತ್ತೇವೆ ಅನ್ನೋದು ಕೇರಿಗೆ ದೊಡ್ಡ ಸಂಗತಿ ಅಲ್ಲ, ಇಂಗ್ಲಿಷ್ ಓದುತ್ತೇವೆ ಅನ್ನೋದೇ ದೊಡ್ಡದು. ಹೋದ ಮಳೆಗಾಲ ಅಣ್ಣನ ಪಿಕಪ್ ಗಾಡಿಯಿಂದ ಒಂದು ಕಾಗದ ಬಂತು. ಅದನ್ನು ಓದಲು ನಮ್ಮ ಬಿ.ಎ. ಸಾಲಲಿಲ್ಲ. ಇಪ್ಪತ್ತೈದು ವರ್ಷ ಗಾಡಿ ವೈರಿಂಗ್ ಮಾಡಿದ ಮೇಸ್ತ್ರಿಗೂ ಅದು ದಕ್ಕಲಿಲ್ಲ. ಯಾಕೆ ದಕ್ಕಲಿಲ್ಲ ಅನ್ನೋದನ್ನು ಗೆಳೆಯರ ಮುಂದೆ ಇಡಬೇಕು ಅನಿಸಿತು.

ಗಾಡಿ ಹಳೇದು. ಎರಡು ಕೈ ದಾಟಿ ನಮ್ಮ ಮನೆಗೆ ಬಂದದ್ದು. ಫೈನಾನ್ಸಿನ ಕಂತು ಇನ್ನೂ 14 ಬಾಕಿ. ಅಣ್ಣ ಸುತ್ತಲ ಹಳ್ಳಿಗಳ ಟೊಮ್ಯಾಟೊ ಬಾಕ್ಸು ತುಂಬಿಕೊಂಡು ಕೋಲಾರದ ಎ.ಪಿ.ಎಂ.ಸಿ.ಗೆ ಹೊಡೆಯುತ್ತಾನೆ. ರಾತ್ರಿ ಲೋಡು, ಬೆಳಿಗ್ಗೆ ಹರಾಜು. ಹೊತ್ತು ತಪ್ಪಿದರೆ ರೈತನಿಗೆ ರೇಟು ತಪ್ಪುತ್ತದೆ, ನಮಗೆ ಬಾಡಿಗೆ ತಪ್ಪುತ್ತದೆ. ಅಂಥ ಗಾಡಿಗೆ ಒಂದು ರಾತ್ರಿ ಹುಚ್ಚು ಹಿಡಿಯಿತು. ಇಂಡಿಕೇಟರ್ ಹಾಕಿದರೆ ವೈಪರ್ ಆಡುತ್ತದೆ. ಹೆಡ್‌ಲೈಟು ತಾನೇ ಆರುತ್ತದೆ, ತಾನೇ ಹತ್ತುತ್ತದೆ. ಬೀಗದ ಕೈ ಕಿತ್ತುಕೊಂಡು ಇಳಿದರೂ ಒಳಗಿನ ದೀಪ ಆರುವುದಿಲ್ಲ. ಬೆಳಗಾದರೆ ಬ್ಯಾಟರಿ ಇಳಿದಿರುತ್ತದೆ. ಎರಡು ದಿನ ಹುಡುಗರನ್ನು ಕರೆದು ತಳ್ಳಿಸಿ ಸ್ಟಾರ್ಟ್ ಮಾಡಿದ್ದಾಯಿತು. ಮೂರನೇ ರಾತ್ರಿ ತುಂಬಿದ ಲೋಡಿನ ಜೊತೆ ದಿಣ್ಣೆ ಇಳಿಯುವಾಗ ಲೈಟು ಪೂರ್ತಿ ಹೋಯಿತು. ಎದುರಿಗೆ ಲಾರಿ. "ಕಣ್ಣು ಕಟ್ಕೊಂಡು ಓಡ್ಸಿದಂಗಾತು ಕಣೋ" ಅಂದ ಅಣ್ಣ. ಅತ್ತಿಗೆ ಆ ದಿನ ತಟ್ಟೆ ಮುಟ್ಟಲಿಲ್ಲ.

ಹಳೇ ಕಾಲದ ಗಾಡಿಯ ಲೆಕ್ಕ ಸುಲಭ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ಸ್ವಿಚ್ಚು, ಸ್ವಿಚ್ಚಿನಿಂದ ಬಲ್ಬು. ವೈರಿನ ಬಣ್ಣ ಹಿಡಿದು ಹೋದರೆ ರೋಗ ಸಿಗುತ್ತಿತ್ತು. ಈ ಗಾಡಿಯಲ್ಲಿ ಡ್ಯಾಷ್‌ಬೋರ್ಡಿನ ಕೆಳಗೆ ಒಂದು ಕರಿ ಡಬ್ಬಿ ಐತೆ. ಬಾಡಿ ಕಂಟ್ರೋಲ್ ಮಾಡ್ಯೂಲ್, ಬಾಯಿಮಾತಿನಲ್ಲಿ ಬಿ.ಸಿ.ಎಂ. ಇಲ್ಲಿ ಸ್ವಿಚ್ಚು ನೇರವಾಗಿ ಬಲ್ಬಿಗೆ ಕರೆಂಟು ಕೊಡುವುದಿಲ್ಲ. ಡಬ್ಬಿಗೆ ಅರ್ಜಿ ಹಾಕುತ್ತದೆ. ಡಬ್ಬಿ ಮಂಜೂರು ಮಾಡಿದರೆ ಬಲ್ಬು ಹತ್ತುತ್ತದೆ. ಲೈಟು, ವೈಪರು, ಹಾರನ್ನು, ಬಾಗಿಲ ಲಾಕು ಎಲ್ಲಕ್ಕೂ ಅದೇ ತಾಲ್ಲೂಕು ಕಚೇರಿ. ನಮ್ಮ ಗಾಡಿಯಲ್ಲಿ ಕಳ್ಳರು ಸ್ಟಾರ್ಟ್ ಮಾಡದ ಹಾಗೆ ತಡೆಯುವ ಇಮ್ಮೊಬಿಲೈಜರೂ ಅದರೊಳಗೇ ಕೂತಿತ್ತು. ಎಂಜಿನ್ನಿನ ಕಂಪ್ಯೂಟರ್ ಜೊತೆ ಡಬ್ಬಿ ಮಾತಾಡುವುದು ಒಂದಕ್ಕೊಂದು ಹೆಣೆದ ಎರಡು ವೈರಿನ ಮೇಲೆ. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಶುರು ಮಾಡಿ 1986ರಲ್ಲಿ ಲೋಕಕ್ಕೆ ತೋರಿಸಿದ ಕ್ಯಾನ್ ಅನ್ನುವ ಪದ್ಧತಿ ಇದು. ಇದರಿಂದ ವೈರಿನ ಹೊರೆ ಇಳಿಯಿತು. ಒಳ್ಳೇದೇ. ಯಂತ್ರದ ಮೇಲೆ ನಮಗೆ ಸಿಟ್ಟಿಲ್ಲ.

ಮೇಸ್ತ್ರಿ ಕಂಡ ಕೂಡಲೇ "ಡಬ್ಬಿ ಹೋಗೈತೆ" ಅನ್ನಲಿಲ್ಲ. ಇದನ್ನು ಓದುಗರು ಗಮನಿಸಬೇಕು. ಬ್ಯಾಟರಿ ಇಳಿದಿದ್ದರೂ, ಅರ್ತಿಂಗ್ ವೈರು ತುಕ್ಕು ಹಿಡಿದಿದ್ದರೂ ಗಾಡಿ ಹೀಗೇ ಹುಚ್ಚಾಟ ಆಡುತ್ತದೆ. ಚೆನ್ನಾಗಿರುವ ಡಬ್ಬಿಯನ್ನು ಕಿತ್ತು ಹೊಸದು ಹಾಕಿ ದುಡ್ಡು ಕಳಕೊಂಡವರು ಬೇಕಾದಷ್ಟು ಜನ. ಅವನು ಮೊದಲು ಬ್ಯಾಟರಿಗೆ ಚಾರ್ಜ್ ಹಾಕಿ ನೋಡಿದ. 12.6 ವೋಲ್ಟ್, ಸರಿಯಾಗೇ ಇತ್ತು. ಚಾಸಿಗೆ ಅರ್ತ್ ಕಟ್ಟಿದ ಬೋಲ್ಟು ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದ. ಆದರೂ ಹುಚ್ಚು ಬಿಡಲಿಲ್ಲ. ಆಮೇಲೆ ಬ್ಯಾಟರಿಯ ಮೈನಸ್ ವೈರು ಬಿಚ್ಚಿ ನಡುವೆ ಮೀಟರ್ ಸೇರಿಸಿದ. ಗಾಡಿ ಆಫ್ ಆಗಿ ಸ್ವಲ್ಪ ಹೊತ್ತಾದ ಮೇಲೆ ಅದು 50 ಮಿಲಿಆಂಪಿಯರ್ ಒಳಗೆ ಬರಬೇಕು. ಇಲ್ಲಿ 2 ಆಂಪಿಯರ್ ದಾಟಿತ್ತು. ರಾತ್ರಿಗೆ ಹತ್ತು ಗಂಟೆ ಅಂದರೆ 20 ಆಂಪಿಯರ್-ಅವರ್. ಹಳೇ ಬ್ಯಾಟರಿ ಎಲ್ಲಿ ತಡೀತದೆ? ಒಂದೊಂದೇ ಫ್ಯೂಸು ಕೀಳುತ್ತಾ ಹೋದ. ಡಬ್ಬಿಯ ಫ್ಯೂಸು ಕಿತ್ತಾಗ ಮೀಟರ್ ತಣ್ಣಗಾಯಿತು. ಬಿಚ್ಚಿ ನೋಡಿದರೆ ಮುಂದಿನ ಗ್ಲಾಸಿನ ರಬ್ಬರ್ ಸಂದಿಯಿಂದ ಮಳೆನೀರು ಇಳಿದು, ಕನೆಕ್ಟರ್ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು, ಒಳಗಿನ ಬೋರ್ಡು ಒಂದು ಕಡೆ ಕರಟಿತ್ತು.

ಯಾವ ಲ್ಯಾಪ್‌ಟಾಪೂ ಇಲ್ಲದೆ, ಒಂದು ಮೀಟರಿನಲ್ಲಿ, ಒಂದು ಮಧ್ಯಾಹ್ನದಲ್ಲಿ ರೋಗ ಸಿಕ್ಕಿತು. ಇಲ್ಲೀವರೆಗೆ ಕೈಯಿಗೆ ದಾರಿ ಇತ್ತು. ಆಮೇಲೆ ಬಾಗಿಲು ಮುಚ್ಚಿತು.

ಕಂಪನಿ ವರ್ಕ್‌ಶಾಪಿಗೆ ಫೋನ್ ಮಾಡಿದೆವು. ಡಬ್ಬಿ ಆರ್ಡರ್ ಹಾಕಿ ತರಿಸಬೇಕು, ಹದಿನೈದು ದಿನ. ಗಾಡಿಯನ್ನು ಎಳೆಸಿಕೊಂಡು ಬರಬೇಕು, ಕೋಡಿಂಗ್ ನಮ್ಮ ಕಂಪ್ಯೂಟರಿನಲ್ಲೇ ಆಗಬೇಕು. ಎಲ್ಲ ಸೇರಿ 18,000 ರೂಪಾಯಿ ಮೇಲೆ. ಅದು ಅಣ್ಣನ ಒಂದೂವರೆ ಕಂತು. ಮೇಲೆ ಹದಿನೈದು ದಿನದ ಬಾಡಿಗೆ ಖೋತಾ. ಮೇಸ್ತ್ರಿ ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಅದೇ ಪಾರ್ಟ್ ನಂಬರಿನ ಹಳೇ ಡಬ್ಬಿ ತರಿಸಿದ. "ಲೈಟಾದ್ರೂ ಬತ್ತದಾ ನೋಡಾನ ಬುಡಣ್ಣ" ಅಂದ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ ಹತ್ತು ನಿಮಿಷ ಕಾದ. ಗ್ಲಾಸಿನ ಸಂದಿ ಮುಚ್ಚಿದ. ಪಿನ್ನು ತೊಳೆದು ಒಣಗಿಸಿದ. ಡಬ್ಬಿ ಕೂರಿಸಿದ. ಲೈಟು ಬಂತು, ವೈಪರ್ ಬಂತು. ಎಂಜಿನ್ ಮಾತ್ರ ಹತ್ತಲಿಲ್ಲ.

ಹತ್ತುವುದು ಹೇಗೆ? ಆ ಡಬ್ಬಿಯ ಹೊಟ್ಟೆಯಲ್ಲಿ ಇನ್ನಾವುದೋ ಗಾಡಿಯ ಚಾಸಿ ನಂಬರ್ ಇತ್ತು, ಇನ್ನಾರದೋ ಬೀಗದ ಕೈಯ ಗುಟ್ಟು ಇತ್ತು. ಅಣ್ಣನ ಕೈ ಅದಕ್ಕೆ ಕಳ್ಳನ ಕೈ. ಸ್ಕ್ಯಾನರ್ ಇಟ್ಟುಕೊಂಡವನೊಬ್ಬ ಬಂದು ಪ್ರಿಂಟ್ ತೆಗೆದು ಕೊಟ್ಟ. ಅಣ್ಣ ನಮ್ಮ ಮುಂದೆ ಹಿಡಿದ ಕಾಗದ ಇದೇ. ಬಿ ಅಕ್ಷರದ ಎರಡು ಕೋಡು, ಯು ಅಕ್ಷರದ ಒಂದು. ಬಿ ಅಂದರೆ ಬಾಡಿ. ಯು ಅಂದರೆ ಡಬ್ಬಿಗಳ ನಡುವೆ ಮಾತು ಕಡಿದಿದೆ ಅಂತ. ಮುಂದಿನ ಅಂಕಿಗಳ ಅರ್ಥ ಕಂಪನಿಯ ಪುಸ್ತಕದಲ್ಲಿ ಮಾತ್ರ. ಎಂಜಿನ್ನಿನ ಹೊಗೆಗೆ ಸಂಬಂಧಪಟ್ಟ ಕೋಡುಗಳನ್ನು ಯಾರು ಬೇಕಾದರೂ ಓದುವಂತೆ ಒಂದೇ ನಮೂನೆಯ ಪ್ಲಗ್ಗು ಇರಬೇಕು ಅಂತ ಅಮೆರಿಕದಲ್ಲಿ 1996ರಿಂದಲೇ ಕಡ್ಡಾಯವಾಯಿತು. ನಮ್ಮ ಗಾಡಿಗಳಿಗೂ ಆ ಪ್ಲಗ್ಗು ಆಮೇಲೆ ಬಂತು. ಲೈಟು, ಬಾಗಿಲು, ಬೀಗದ ಲೆಕ್ಕ ಮಾತ್ರ ಕಂಪನಿಯ ಮನೆಯೊಳಗೇ ಉಳಿಯಿತು.

"ಈ ಕೈ ಇಪ್ಪತ್ತೈದು ವರ್ಸ ವೈರು ಓದೈತೆ. ಗೊತ್ತಿಲ್ದಿದ್ರೆ ಕಲ್ತ್ಕೊಂತೀನಿ. ಓದಕ್ಕೇ ಬುಡಲ್ಲ ಅಂದ್ರೆ ಏನ್ ಮಾಡ್ಲಿ?" ಅಂದ ಮೇಸ್ತ್ರಿ.

ಈ ಮಾತು ನಮಗೆ ಹೊಸದಲ್ಲ. ನಮ್ಮ ತಾತಂದಿರಿಗೆ ಓದು ಬರಲಿಲ್ಲ ಅಂತ ಲೋಕ ಹೇಳುತ್ತದೆ. ಅವರನ್ನು ಓದಲು ಬಿಡಲಿಲ್ಲ ಅನ್ನೋದನ್ನು ಹೇಳುವುದಿಲ್ಲ. ಗೊತ್ತಿಲ್ಲದಿರುವುದು ಬೇರೆ, ಗೊತ್ತಾಗದಂತೆ ಬೀಗ ಹಾಕುವುದು ಬೇರೆ. ದುಡಿಯುವ ಕೈಯನ್ನು ಹೊರಗೆ ನಿಲ್ಲಿಸಿ, ಅದಕ್ಕೆ ಬುದ್ಧಿ ಇಲ್ಲ ಅನ್ನುವ ಬುದ್ಧಿ ಈ ದೇಶಕ್ಕೆ ಹಳೇದು. ಅದು ಈಗ ಸಾಫ್ಟ್‌ವೇರಿನ ಅಂಗಿ ತೊಟ್ಟಿದೆ.

ಕಡೆಗೆ ಗಾಡಿ ಹತ್ತಿಸಿದ್ದು ಪೇಟೆಯ ಒಬ್ಬ ಹುಡುಗ. ಐ.ಟಿ.ಐ.ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಮೊದಲು ಗಾಡಿಯ ಆರ್.ಸಿ. ಕೇಳಿದ, ಅಣ್ಣನ ಗುರುತಿನ ಚೀಟಿ ನೋಡಿದ. ಆಮೇಲೆ ನಮ್ಮ ಸತ್ತ ಡಬ್ಬಿ ಬಿಚ್ಚಿದ. ಕರಟಿದ್ದು ಲೈಟಿಗೆ ಕರೆಂಟು ಕೊಡುವ ಭಾಗ. ನೆನಪು ಇಟ್ಟುಕೊಳ್ಳುವ ಎಂಟು ಕಾಲಿನ ಚಿಪ್ಪು ಇನ್ನೂ ಜೀವಂತವಾಗಿತ್ತು. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ. ಅದರಲ್ಲಿದ್ದುದನ್ನು ಓದಿಕೊಂಡು ಗುಜರಿ ಡಬ್ಬಿಯ ಚಿಪ್ಪಿಗೆ ಬರೆದ. ಅಣ್ಣ ಕೈ ತಿರುಗಿಸಿದ. ಗಾಡಿ ಅವನನ್ನು ಗುರುತು ಹಿಡಿಯಿತು. ಗುಜರಿ ಡಬ್ಬಿಯ ದುಡ್ಡೂ ಸೇರಿ ಖರ್ಚಾದದ್ದು 4,500 ರೂಪಾಯಿ.

ಬೀಗ ಬೇಡ ಅಂತ ನಾವು ಹೇಳುತ್ತಿಲ್ಲ. ಸಾಲ ಮಾಡಿ ಕೊಂಡ ಗಾಡಿ ಕಳುವಾದರೆ ಬಡವನೇ ಸಾಯುವುದು. ಕಳ್ಳನಿಗೆ ಬೀಗ ಇರಲಿ. ಒಡೆಯನಿಗೂ ಅವನ ಮೇಸ್ತ್ರಿಗೂ ಅದೇ ಬೀಗವೇ? ಆರ್.ಸಿ. ತೋರಿಸಿದವನಿಗೆ ಕೋಡು ಕೊಡುವ ದಾರಿ ಮಾಡುವುದು ಕಷ್ಟದ ಕೆಲಸವಲ್ಲ. ಈ ಪ್ರಶ್ನೆ ನಮ್ಮೊಬ್ಬರದೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಓಟು ಹಾಕಿ, ಹೊರಗಿನ ಗ್ಯಾರೇಜುಗಳಿಗೂ ರಿಪೇರಿ ಮಾಹಿತಿ ಸಿಗಬೇಕು ಅಂದರು. ನಮ್ಮ ದೇಶದಲ್ಲೇ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತು. ಬಿಡಿಭಾಗವನ್ನೂ ರೋಗ ಪತ್ತೆಯ ಸಾಧನವನ್ನೂ ಹೊರಗಿನ ಮೇಸ್ತ್ರಿಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಅಂತ ಹೇಳಿತು. ದಂಡದ ವಿಷಯ ಮೇಲ್ಮನವಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಇವೆ. ಕಾಗದದ ಮೇಲೆ ಹಕ್ಕು ಬರುವುದು ನಮಗೆ ಗೊತ್ತು. ಅದು ಕಾಗದದಿಂದ ಇಳಿದು ಗ್ಯಾರೇಜಿನ ನೆಲಕ್ಕೆ ಬರಬೇಕಾದರೆ ಕೇಳುವವರು ಬೇಕು.

ಹಳ್ಳಿ ಮೇಷ್ಟ್ರುಗಳೇ, ನಿಮ್ಮ ಹೈಸ್ಕೂಲಿನಲ್ಲಿ ಓಮನ ನಿಯಮವನ್ನು ಬಾಯಿಪಾಠ ಮಾಡಿಸುತ್ತೀರಿ. ಒಂದು ಮಲ್ಟಿಮೀಟರ್ ತಂದು ಹುಡುಗ ಹುಡುಗಿಯರನ್ನು ಗ್ಯಾರೇಜಿಗೆ ಕರಕೊಂಡು ಹೋಗಿ. ಆ ನಿಯಮವನ್ನು ದಿನಾ ಬಳಸುವ ಮೇಸ್ತ್ರಿಯನ್ನು ತೋರಿಸಿ. ಓದುವ ಗೆಳೆಯರೇ, ನಮ್ಮ ಇಂಗ್ಲಿಷ್ ಬ್ಯಾಂಕ್ ನೋಟೀಸಿಗೆ ಮಾತ್ರ ಸಾಲದು. ಸಿಕ್ಕಿದ ವೈರಿಂಗ್ ನಕ್ಷೆಯನ್ನು, ಕೋಡಿನ ಪಟ್ಟಿಯನ್ನು ಮೇಸ್ತ್ರಿಗಳ ಜೊತೆ ಕೂತು ಕನ್ನಡಕ್ಕೆ ತರೋಣ. ಕೊಡದವರನ್ನು ಕೇಳೋಣ, ಅರ್ಜಿ ಬರೆಯೋಣ. ನಾವು ಶುರು ಮಾಡಿದ್ದೇವೆ. ವಾರಕ್ಕೆರಡು ಸಂಜೆ ಮೇಸ್ತ್ರಿಯ ಗ್ಯಾರೇಜಿನಲ್ಲಿ ನಾಲ್ಕು ಜನ ಕೂರುತ್ತಿದ್ದೇವೆ. ಅವನು ವೈರು ತೋರಿಸುತ್ತಾನೆ, ನಾವು ಬರೆದುಕೊಳ್ಳುತ್ತೇವೆ.