ಮೂರು ಊರುಗಳ ಕಾವಲು

ಕಳೆದ ಮಾಘಮಾಸದಲ್ಲಿ ಮಂಡ್ಯದಲ್ಲಿರುವ ನಮ್ಮ ಅಕ್ಕನವರ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುವ ಸಂದರ್ಭ ಒದಗಿತು. ರೈಲು ಮದ್ದೂರಿನಲ್ಲಿ ನಿಂತಾಗ ವಡೆಯ ಪೊಟ್ಟಣವನ್ನು ಕೊಂಡುದಾಯಿತು. ಅದು ಆರುವ ಮುನ್ನವೇ ಮಂಡ್ಯ ಬಂದಿತು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಗಿ, ೧೯೩೯ರಲ್ಲಿ ಜಿಲ್ಲೆಯ ಮುಖ್ಯ ಪಟ್ಟಣವಾದಂದಿನಿಂದ ಈ ಊರು ಕಬ್ಬಿನ ಗದ್ದೆಗಳನ್ನು ಒತ್ತಿಕೊಂಡೇ ಬೆಳೆಯುತ್ತಿದೆ. ಭಾವನವರ ಮನೆಯೂ ಅಂತಹ ಒಂದು ಹೊಸ ಬಡಾವಣೆಯಲ್ಲಿರುವುದು.

ಊಟವಾದ ಮೇಲೆ ಭಾವನವರು ತಮ್ಮ ಚಿಂತೆಯನ್ನು ಹೇಳಿದರು. ಬಡಾವಣೆಯಲ್ಲಿ ಎರಡು ಮನೆಗಳಿಗೆ ಕನ್ನ ಬಿದ್ದಿತ್ತು. ಬೀದಿಗೆ ಗೇಟು ಹಾಕಿಸಿ, ಸಮವಸ್ತ್ರ ತೊಟ್ಟ ಕಾವಲುಗಾರರನ್ನು ನೇಮಿಸಬೇಕೆಂದು ನಿವಾಸಿಗಳ ಸಂಘದಲ್ಲಿ ಕೆಲವರ ಹಟ. "ನಾಡಿದ್ದು ಸಭೆ. ನೀವು ಊರೂರು ತಿರುಗುವವರು, ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದರು. ತಿರುಗಿ ಬಂದು ಹೇಳುವೆನೆಂದು ಮರುದಿನ ಹೊರಟೆನು.

ಮೊದಲು ಹೋದದ್ದು ಮದ್ದೂರು ತಾಲ್ಲೂಕಿನ ಆತಕೂರಿಗೆ. ಹತ್ತನೆಯ ಶತಮಾನದ ನಡುವೆ ಇಲ್ಲಿ ನೆಟ್ಟ ಕಲ್ಲೊಂದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಮೆಚ್ಚಿ 'ಏನು ಬೇಕು' ಎಂದಾಗ, ಮಣಲೆರನೆಂಬ ವೀರನು ಕಾಳಿ ಎಂಬ ನಾಯಿಯನ್ನು ಬೇಡಿದನಂತೆ. ಆ ನಾಯಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನೂ ದತ್ತಿ ಬಿಟ್ಟರು. ಅದು ಬೇಟೆಯ ನಾಯಿ, ಕಾವಲಿನದಲ್ಲ. ಆದರೂ ಒಡೆಯನಿಗಾಗಿ ಪ್ರಾಣ ಬಿಟ್ಟುದರ ಹೆಸರನ್ನು ಆ ಕಾಲದವರು ಮರೆಯಲಿಲ್ಲವೆಂಬುದು ಸತ್ಯ. ತುರು ಕಾಯುತ್ತ ಮಡಿದವರ ವೀರಗಲ್ಲುಗಳಂತೂ ನಮ್ಮ ನಾಡಿನ ಊರೂರಿನಲ್ಲಿಯೂ ಉಂಟು.

ಹಿಂದೆ ಊರಿನ ಕಾವಲು ಆಯಗಾರರ ಪಾಲಿನದಾಗಿತ್ತು. ಮೈಸೂರಿನ ಚರಿತ್ರೆಯನ್ನು ೧೮೧೦ರಲ್ಲಿ ಪ್ರಕಟಿಸಲಾರಂಭಿಸಿದ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿಯೂ ಇದನ್ನು ವಿವರಿಸಿದ್ದಾನೆ. ಅಪರಾಧದ ಸುಳಿವು ಹಿಡಿಯುವುದೂ ದಾರಿಹೋಕರನ್ನು ಕ್ಷೇಮವಾಗಿ ಮುಂದಿನ ಊರಿಗೆ ಮುಟ್ಟಿಸುವುದೂ ತಳವಾರನ ಕೆಲಸ. ಪೈರು ಕಾಯುವುದು ತೋಟಿಯದು. ಕೆರೆಯ ನೀರನ್ನು ಹಂಚುವುದು ನೀರಗಂಟಿಯದು. ಸುಗ್ಗಿಯಲ್ಲಿ ರೈತರು ಕೊಡುವ ಧಾನ್ಯವೇ ಅವರ ಸಂಬಳ. ಈ ಏರ್ಪಾಡನ್ನು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ. ಕಾವಲು ಹುಟ್ಟಿನಿಂದ ಬಂದ ಹೊರೆ. ಅದನ್ನು ಹೊತ್ತವರನ್ನು ಊರು ಅನೇಕ ವೇಳೆ ಕೀಳಾಗಿಯೇ ಕಂಡಿತು. ೧೯೬೧ರ ಕಾಯಿದೆಯು ಈ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದುಪಡಿಸಿದ್ದು ಒಳ್ಳೆಯದೇ ಆಯಿತು.

ಅಲ್ಲಿಂದ ಮಳವಳ್ಳಿಯ ಮಾರ್ಗವಾಗಿ ಶಿವನಸಮುದ್ರಕ್ಕೆ ಹೋದೆನು. ಗಗನಚುಕ್ಕಿಯಲ್ಲಿ ನೀರು ತೆಳುವಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರವರ ಯತ್ನದಿಂದ ಆರಂಭವಾದ ಇಲ್ಲಿನ ವಿದ್ಯುದಾಗಾರವು ೧೯೦೨ರಲ್ಲಿ ಕೆಲಸಕ್ಕೆ ತೊಡಗಿತು. ಅದರ ಶಕ್ತಿ ಮೊದಲು ಹರಿದದ್ದು ಸುಮಾರು ತೊಂಬತ್ತೆರಡು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ; ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು ೧೯೦೫ರಲ್ಲಿ.

ಆ ಗಣಿಯ ಊರು ನಮ್ಮ ಪ್ರಶ್ನೆಗೆ ಇನ್ನೊಂದು ಮುಖವನ್ನು ತೋರಿಸುವುದು. ಅಲ್ಲಿ ಕಂಪೆನಿಯವರೇ ಮನೆಗಳ ಸಾಲು ಕಟ್ಟಿಸಿ, ತಮ್ಮದೇ ಕಾವಲು ಪಡೆಯನ್ನು ಇಟ್ಟಿದ್ದರು. ಅದು ಕಾಯುತ್ತಿದ್ದುದು ಮುಖ್ಯವಾಗಿ ಚಿನ್ನವನ್ನು. ಸಾಲುಗಳಲ್ಲಿ ವಾಸಿಸುವ ಕೂಲಿಕಾರನೇ ಅದರ ಕಣ್ಣಿಗೆ ಸಂಶಯಕ್ಕೆ ಪಾತ್ರನಾಗಿದ್ದನು. ೧೯೩೦ರಲ್ಲಿ ಅವರೆಲ್ಲರ ಬೆರಳಚ್ಚನ್ನು ತೆಗೆಯಬೇಕೆಂದಾಗ ದೊಡ್ಡ ಮುಷ್ಕರವೇ ನಡೆಯಿತು. ೨೦೦೧ರಲ್ಲಿ ಗಣಿ ಮುಚ್ಚಿತು. ಪಾಠ ಮಾತ್ರ ಉಳಿದಿದೆ. ಕಾವಲಿಗೆ ಹಣ ಕೊಡುವವನು ಯಾರೋ, ಕಾವಲಿನ ಕಣ್ಣು ಅವನದು.

ಸಂಜೆ ಮಳವಳ್ಳಿಯ ಬಸ್ ನಿಲ್ದಾಣದಲ್ಲಿ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವನು ಬೆಂಗಳೂರಿನ ದೊಡ್ಡ ವಸತಿಸಮುಚ್ಚಯವೊಂದರ ಕಾವಲುಗಾರ. ಹಬ್ಬಕ್ಕೆಂದು ಊರಿಗೆ ಬಂದು ಹಿಂದಿರುಗುತ್ತಿದ್ದನು. ಮಾತಿಗೆ ಮಾತು ಬೆಳೆಯಿತು. ಹನ್ನೆರಡು ಗಂಟೆಯ ಪಾಳಿ. ಕುಳಿತರೆ ಕ್ಯಾಮೆರಾದಲ್ಲಿ ನೋಡಿ ಸಂಬಳ ಹಿಡಿಯುವರಂತೆ.

"ನಮ್ಮ ತಾತ ತಳವಾರ್‌ಕೆ ಮಾಡ್ತಿದ್ರು ಸ್ವಾಮಿ," ಎಂದನು. "ತಾತಂಗೆ ಊರೋರ ಹೆಸರೆಲ್ಲ ಗೊತ್ತಿತ್ತು. ಊರೋರ್ಗೂ ತಾತನ ಹೆಸರು ಗೊತ್ತಿತ್ತು. ನಾನು ಮುನ್ನೂರು ಮನೆ ಕಾಯ್ತೀನಿ. ನನ್ನ ಹೆಸರು ಒಬ್ರಿಗೂ ಗೊತ್ತಿಲ್ಲ."

ನಾನೂ ಅದುವರೆಗೆ ಅವನ ಹೆಸರನ್ನು ಕೇಳಿರಲಿಲ್ಲ. ನಾಚಿಕೆಯಾಯಿತು, ಕೇಳಿದೆನು. ಅಷ್ಟರಲ್ಲಿ ಬಸ್ಸು ಬಂದಿತು.

ಮಂಡ್ಯಕ್ಕೆ ಹಿಂದಿರುಗಿ ಭಾವನವರಿಗೆ ನನಗೆ ತಿಳಿದುದನ್ನು ಹೇಳಿದೆನು. ಖಾಸಗಿ ಕಾವಲು ಸಂಸ್ಥೆಗಳ ವಿಷಯವಾಗಿ ೨೦೦೫ರ ಕೇಂದ್ರ ಕಾಯಿದೆಯೊಂದು ಉಂಟು. ಅದರಂತೆ ಸಂಸ್ಥೆಗೆ ಪರವಾನಗಿ ಇರತಕ್ಕದ್ದು. ಕಾವಲುಗಾರನ ಪೂರ್ವಚರಿತ್ರೆಯನ್ನು ವಿಚಾರಿಸಿ, ಅವನಿಗೆ ತರಬೇತಿ ಕೊಟ್ಟಿರತಕ್ಕದ್ದು. ಪೊಲೀಸರ ಉಡುಪನ್ನು ಹೋಲುವ ಉಡುಪನ್ನು ತೊಡಿಸಿದರೆ ಶಿಕ್ಷೆಯುಂಟು. ಕಾವಲುಗಾರನು ಪೊಲೀಸನಲ್ಲ. ಕಣ್ಣೆದುರಿಗೆ ಘೋರ ಅಪರಾಧವಾದಾಗ ಯಾವ ನಾಗರಿಕನೂ ಹಿಡಿಯಬಹುದಾದಂತೆ ಅವನೂ ಹಿಡಿಯಬಹುದು. ಆದರೆ ೨೦೨೪ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯ ಪ್ರಕಾರ ಆರು ಗಂಟೆಗಳೊಳಗಾಗಿ ಪೊಲೀಸರಿಗೆ ಒಪ್ಪಿಸಬೇಕು. ನಗರಸಭೆಗೆ ಸೇರಿದ ಬೀದಿಯಾದರೆ ಅದು ಎಲ್ಲರ ಬೀದಿ. ಸೊಪ್ಪು ಮಾರುವ ಮುದುಕಿಯನ್ನು ಗೇಟಿನಲ್ಲಿ ತಡೆಯಲಾಗದು.

ಸಭೆ ರಾತ್ರಿ ಹತ್ತರವರೆಗೆ ನಡೆಯಿತು. ಗೇಟಿನ ಮಾತು ಬಿದ್ದುಹೋಯಿತು. ಪರವಾನಗಿಯುಳ್ಳ ಸಂಸ್ಥೆಯಿಂದ ರಾತ್ರಿಗೆ ಇಬ್ಬರನ್ನು ಗೊತ್ತುಮಾಡುವುದು, ಎಂಟು ಗಂಟೆಯ ಪಾಳಿ, ವಾರಕ್ಕೊಂದು ದಿನ ಬಿಡುವು, ಕುಳಿತುಕೊಳ್ಳಲು ಕುರ್ಚಿ, ಒಂದು ಶೌಚಾಲಯ ಎಂದು ತೀರ್ಮಾನವಾಯಿತು. ಕುರ್ಚಿಯ ವಿಷಯದಲ್ಲಿಯೇ ಹೆಚ್ಚು ವಾದ ನಡೆದದ್ದು. "ಕೂತರೆ ನಿದ್ದೆ ಮಾಡುತ್ತಾನೆ" ಎಂದರು ಒಬ್ಬರು. "ನೀವು ಕಚೇರಿಯಲ್ಲಿ ನಿಂತೇ ಕೆಲಸ ಮಾಡಿದಿರೋ?" ಎಂದು ಭಾವನವರು ಕೇಳಿದ ಮೇಲೆ ಕುರ್ಚಿಯೂ ಮಂಜೂರಾಯಿತು.

ಕಳೆದ ವಾರ ಅಕ್ಕನ ಕಾಗದ ಬಂದಿತು. ಮೊದಲ ರಾತ್ರಿ ಕಾವಲಿನವರಿಗೆ ಕಾಫಿ ಕಳುಹಿಸಹೋಗಿ, ಹುಡುಗನ ಕೈಯಲ್ಲಿ ಮೊದಲು ಅವರ ಹೆಸರುಗಳನ್ನು ಕೇಳಿಸಿಕೊಂಡು ಬರಹೇಳಿದಳಂತೆ. ಅವೆರಡನ್ನೂ ಅಡಿಗೆಮನೆಯ ಪಂಚಾಂಗದ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿಯೇ, ಬರೆದಿಟ್ಟಿದ್ದಾಳೆ.