ತಲೆ ತುಂಬಾ ಜಿಡ್ಡು, ಐದೇ ಚೊಂಬು ನೀರು

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸದ್ದು ಕೇಳಿಸುತ್ತಿದ್ದರೆ ಚಿಂತೆಯಿಲ್ಲ, ಸದ್ದು ನಿಂತರೆ ಎದ್ದು ಹೋಗಿ ನೋಡಬೇಕು ಅಂತಾರೆ. ಹಾಗೆ ಹೋದಾಗ ಸಿಗುವುದು ಗೋಡೆ ಮೇಲಿನ ಚಿತ್ರ, ನೆಲಕ್ಕೆ ಚೆಲ್ಲಿದ ರಾಗಿಹಿಟ್ಟು. ಅವೆಲ್ಲ ಒರೆಸಿದರೆ ಹೋಗುತ್ತವೆ. ತಲೆಕೂದಲಿಗೆ ಹತ್ತಿದ ಜಿಡ್ಡು ಮಾತ್ರ ಒರೆಸಿದಷ್ಟೂ ಹರಡುತ್ತದೆ.

ನಮ್ಮನೆಯಲ್ಲಿ ಅದು ಪೆಟ್ರೋಲಿಯಂ ಜೆಲ್ಲಿ. ಮೂರು ವರ್ಷದ ಮಗಳು ಮಂಚದ ಮೇಲೆ ಕೂತು, ಅಜ್ಜಿ ಎಣ್ಣೆ ತಟ್ಟುವ ಹಾಗೇ, ನೆತ್ತಿಗೆ ಮುಕ್ಕಾಲು ಡಬ್ಬಿ ತಟ್ಟಿಕೊಂಡಿದ್ದಳು. "ಅಪ್ಪಾ, ನಾನೇ ಎಣ್ಣೆ ಹಚ್ಕೊಂಡೆ!" ಅಂತ ಜಂಬ ಬೇರೆ. ಹೆಂಡತಿ ಆಫೀಸ್ ಟ್ರೇನಿಂಗ್‌ಗೆ ಪುಣೆಗೆ ಹೋಗಿದ್ದಳು. ಬರೋಕೆ ಇನ್ನೂ ನಾಲ್ಕು ದಿನ.

ಜೆಲ್ಲಿಗಿಂತ ದೊಡ್ಡ ತಲೆನೋವು ಇನ್ನೊಂದಿತ್ತು. ಒಮ್ಮೆ ಶಾಂಪೂ ಕಣ್ಣಿಗೆ ಹೋಗಿ ಉರಿದಾಗಿನಿಂದ ಇವಳಿಗೆ ತಲೆಸ್ನಾನ ಅಂದರೆ ಭಯ. ಬಕೆಟ್ ತುಂಬುವ ಸದ್ದು ಕೇಳಿದರೆ ಸಾಕು, ಪರದೆ ಹಿಂದೆ ಹೋಗಿ ನಿಲ್ಲುತ್ತಿದ್ದಳು.

ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದೆ. ಹತ್ತು ನಿಮಿಷದಲ್ಲಿ ಮೂರು ಸಲಹೆ ಬಂದವು. ಚೆನ್ನಾಗಿ ಬಿಸಿನೀರು ಸುರಿಯಿರಿ. ಒಂದು ಚೂರು ಸೀಮೆಎಣ್ಣೆ ಹಚ್ಚಿ. ಬೋಳಿಸಿಬಿಡಿ, ಕೂದಲು ದಟ್ಟವಾಗಿ ಬರುತ್ತೆ.

ಮೂರೂ ಬೇಡ. ಬರೀ ಬಿಸಿನೀರಿಗೆ ಜೆಲ್ಲಿ ಕರಗಿ ಇಳಿಯುತ್ತದೆ, ಹೋಗುವುದಿಲ್ಲ. ಮಗುವಿನ ನೆತ್ತಿ ಸುಡುತ್ತದೆ ಅಷ್ಟೇ. ಸೀಮೆಎಣ್ಣೆ ಚರ್ಮಕ್ಕೆ ಉರಿ, ಬೆಂಕಿ ಹತ್ತುವ ವಸ್ತು. ಸ್ವಲ್ಪ ಬಾಯಿಗೆ ಹೋಗಿ ಶ್ವಾಸಕೋಶಕ್ಕೆ ಇಳಿದರೂ ಮಗು ಆಸ್ಪತ್ರೆ ಸೇರಬೇಕಾಗುತ್ತದೆ. ಇನ್ನು ಬೋಳಿಸಿದರೆ ಕೂದಲು ದಟ್ಟವಾಗುವುದಿಲ್ಲ. ಕೂದಲು ಹುಟ್ಟುವುದು ಚರ್ಮದ ಒಳಗೆ, ಕತ್ತಿ ಮುಟ್ಟುವುದು ಹೊರಗೆ.

ಸಾಗರದಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ಮೊದಲು ಹೊಟ್ಟೆ ತುಂಬ ನಕ್ಕಳು. ಆಮೇಲೆ, "ಹಲಸಿನಕಾಯಿ ಮೇಣ ಕೈಗೆ ಹತ್ತಿದ್ರೆ ಏನು ಮಾಡ್ತೀವಿ ಮಾರಾಯ? ನೀರಿಗೆ ಕೈ ಹಾಕ್ತೀವಾ? ಮೊದಲು ಕೊಬ್ರಿ ಎಣ್ಣೆ. ನೀರು ಆಮೇಲೆ" ಅಂದಳು.

ಜಿಡ್ಡಿಗೆ ಮತ್ತೆ ಎಣ್ಣೆಯಾ ಅನ್ನಿಸಬಹುದು. ಆದರೆ ಲೆಕ್ಕ ಸರಿಯಾಗಿದೆ. ಅಮೆರಿಕದ ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ಪೇಟೆಂಟ್ ಪಡೆದ ಈ ಜೆಲ್ಲಿ ಕಚ್ಚಾತೈಲದಿಂದ ಬಂದದ್ದು. ನೀರಿನಲ್ಲಿ ಕರಗುವುದಿಲ್ಲ, ಆರಿಹೋಗುವುದೂ ಇಲ್ಲ. ಎಣ್ಣೆಯೊಂದಿಗೆ ಮಾತ್ರ ಸುಲಭವಾಗಿ ಬೆರೆತು ತೆಳುವಾಗುತ್ತದೆ. ತೆಳುವಾದದ್ದನ್ನು ಹಿಟ್ಟು ಹೀರುತ್ತದೆ, ಉಳಿದದ್ದನ್ನು ಶಾಂಪೂ ಹಿಡಿದು ನೀರಿಗೆ ಬಿಡುತ್ತದೆ.

ನಾನು ಮಾಡಿದ್ದು ಇಷ್ಟು. ಕೂದಲು ಒದ್ದೆ ಮಾಡದೆ, ಹಳೇ ಕಾಟನ್ ಬಟ್ಟೆಯಿಂದ ಒಂದೊಂದೇ ಎಳೆ ಹಿಡಿದು ಬುಡದಿಂದ ತುದಿಗೆ ಒರೆಸಿದೆ. ಅರ್ಧ ಜೆಲ್ಲಿ ಅಲ್ಲೇ ಹೋಯಿತು. ಎರಡು ಚಮಚ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ, ಐದು ನಿಮಿಷ ಬಿಟ್ಟು ಮತ್ತೆ ಒರೆಸಿದೆ. ನಂತರ ಕಾರ್ನ್‌ಫ್ಲೋರ್ ಕೈಯಲ್ಲಿ ತೆಗೆದುಕೊಂಡು ಕೂದಲಿಗೆ ಮೆತ್ತಗೆ ಒತ್ತಿದೆ. ಕಡಲೆಹಿಟ್ಟೂ ಆಗುತ್ತದೆ. ಟಾಲ್ಕಂ ಪೌಡರ್ ಮಾತ್ರ ಬೇಡ, ಅದು ಉಸಿರಿನಲ್ಲಿ ಹೋದರೆ ಪುಟ್ಟ ಮಕ್ಕಳಿಗೆ ಅಪಾಯ. ಹಿಟ್ಟನ್ನೂ ಮುಖದ ಹತ್ತಿರ ಉದುರಿಸಬಾರದು. ಹತ್ತು ನಿಮಿಷ ಬಿಟ್ಟು ಅಗಲ ಹಲ್ಲಿನ ಬಾಚಣಿಗೆಯಿಂದ ಬಾಚಿದರೆ ಹಿಟ್ಟು ಉಂಡೆ ಉಂಡೆಯಾಗಿ ಬಂತು.

ಆಮೇಲೆ ಮಕ್ಕಳ ಶಾಂಪೂ, ಅದೂ ಒಣ ಕೂದಲಿಗೇ. ನೀರು ಮೊದಲು ಹಾಕಿದರೆ ಶಾಂಪೂ ತೆಳುವಾಗಿ ಜಿಡ್ಡಿನ ಮೇಲೆ ಜಾರುತ್ತದೆ.

ಇಲ್ಲಿಯವರೆಗೆ ಅವಳಿಗೆ ಎಲ್ಲಾ ಆಟವೇ ಆಗಿತ್ತು. ಬಕೆಟ್ ನೋಡಿದ್ದೇ ತಡ, ಅಳು ಶುರು. ಅಮ್ಮ ಎಳೆಕೂಸುಗಳಿಗೆ ನೀರೆರೆಯುತ್ತಿದ್ದ ರೀತಿ ನೆನಪಾಯಿತು. ಕಾಲು ಚಾಚಿ ಕೂತು, ಮಗಳನ್ನು ಅಂಗಾತ ಮಲಗಿಸಿಕೊಂಡೆ. ಹಣೆಗೆ ಅಡ್ಡ ಮಡಿಸಿದ ಟವೆಲ್. "ಐದೇ ಚೊಂಬು ಪುಟ್ಟೀ. ನೀನೇ ಎಣಿಸು. ಐದಾದ ಮೇಲೆ ಇಲ್ಲ" ಅಂದೆ.

ಬಿಕ್ಕುತ್ತಲೇ ಎಣಿಸಿದಳು. ಐದಾದಾಗ ಕಿವಿ ಹಿಂದೆ ಇನ್ನೂ ನೊರೆ ಇತ್ತು. ಇನ್ನೊಂದು ಚೊಂಬು ಹಾಕಿದ್ದರೆ ಪೂರ್ತಿ ಹೋಗುತ್ತಿತ್ತು. ಹಾಕಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಎತ್ತಿಕೊಂಡೆ. "ಆಯ್ತಾ?" ಅಂತ ಮುಖ ನೋಡಿದಳು. "ಆಯ್ತು" ಅಂದೆ.

ಮಾರನೇ ದಿನ ಕೂದಲು ಇನ್ನೂ ಮಿರಮಿರ. ಹಾಗೇ ಪ್ಲೇಸ್ಕೂಲಿಗೆ ಹೋದಳು. ಸಂಜೆ ಬಕೆಟ್ ತುಂಬುವಾಗ ಪರದೆ ಹಿಂದಿನಿಂದ ದನಿ ಬಂತು: "ಐದೇ ಅಲ್ವಾ ಅಪ್ಪಾ?" ಕೇಳಿಕೊಂಡು ತಾನೇ ಬಂದು ಕಾಲ ಮೇಲೆ ಮಲಗಿದಳು. ಮೂರನೇ ತೊಳೆತಕ್ಕೆ ಕೂದಲು ಮೊದಲಿನಂತಾಯಿತು. ಇವತ್ತಿಗೂ ನಮ್ಮನೆ ತಲೆಸ್ನಾನ ನನ್ನ ಪಾಲಿಗೇ. ಲೆಕ್ಕ ಮಾತ್ರ ಎಂಟಕ್ಕೆ ಏರಿದೆ, ಅದೂ ಚೌಕಾಸಿ ಮಾಡಿ.

ಅಂಟಿದ್ದು ಏನು ಅಂತ ಮೊದಲು ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ಚೂಯಿಂಗ್ ಗಮ್ ಆದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಒತ್ತಿ ಗಟ್ಟಿ ಮಾಡಿ ಬಿಡಿಸಬಹುದು, ಅಥವಾ ಎಣ್ಣೆ ಹಚ್ಚಿ ಜಾರಿಸಬಹುದು. ಮಕ್ಕಳು ಕ್ರಾಫ್ಟ್‌ಗೆ ಬಳಸುವ ಬಿಳಿ ಗೋಂದಿಗೆ ಉಗುರುಬೆಚ್ಚಗಿನ ನೀರೇ ಸಾಕು. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ. ತಕ್ಷಣ ಹಿಡಿಯುವ ಸೂಪರ್ ಗ್ಲೂ ನೆತ್ತಿಗೆ ತಾಗಿದ್ದರೆ ಮಾತ್ರ ಎಳೆಯಬೇಡಿ, ಡಾಕ್ಟರಿಗೆ ತೋರಿಸಿ.

ಜೆಲ್ಲಿ, ಎಣ್ಣೆಯಂಥ ಜಿಡ್ಡು ಎರಡು ದಿನ ತಲೆಯಲ್ಲಿ ಉಳಿದರೆ ಕೂದಲಿಗೆ ಏನೂ ಆಗುವುದಿಲ್ಲ. ಒಂದೇ ಸಲಕ್ಕೆ ಮುಗಿಸಬೇಕು ಅಂತ ಮಗುವನ್ನು ಅದುಮಿ ಹಿಡಿದು ತೊಳೆದರೆ, ಆ ಭಯ ಹೋಗೋಕೆ ತಿಂಗಳುಗಳೇ ಬೇಕು. ಕತ್ತರಿ ಕೈಗೆತ್ತಿಕೊಳ್ಳುವ ಮುಂಚೆ ಇನ್ನೆರಡು ದಿನ ನೋಡಿ, ಒಂದು ಬಟ್ಟಲು ಹಿಟ್ಟು ಖರ್ಚಾದರೆ ಆಗಲಿ.